ಕೋಟೆಗೋಡೆಯ ಆಚೆ ಯುಜಿಡಿ, ಈಚೆ ನಲವತ್ತು ಮನೆ: ಚಿತ್ರದುರ್ಗದ ಒಂದು ಓಣಿಯ ಪ್ರಕರಣ

ಚಿತ್ರದುರ್ಗದ ಹಳೇ ಪೇಟೆಯಲ್ಲಿ ಕೋಟೆಗೋಡೆಗೆ ಒತ್ತಿಕೊಂಡ ಒಂದು ಓಣಿ ಇದೆ. ಸುಮಾರು ನಲವತ್ತು ಮನೆ. ಓಣಿ ಮೇಲಿನಿಂದ ಇಳಿದು ಬಂದು ಗೋಡೆಯ ಬುಡದಲ್ಲಿ ನಿಲ್ಲುತ್ತದೆ. ಗೋಡೆಯ ಆಚೆ ಕಂದಕ. ಕಂದಕದ ಆಚೆ ದೊಡ್ಡ ರಸ್ತೆ. ಆ ರಸ್ತೆಯ ಕೆಳಗೆ ಯುಜಿಡಿ, ಅಂದರೆ ಮನೆಗಳ ಕೊಳಚೆ ಸಾಗಿಸುವ ಒಳಚರಂಡಿ ಲೈನ್. ಓಣಿಯ ಕೊನೆಯಿಂದ ಆ ಲೈನಿನ ಮ್ಯಾನ್‌ಹೋಲಿಗೆ ನೇರವಾಗಿ ಅಳೆದರೆ 60 ಮೀಟರ್, ಅಷ್ಟೇ. ಆದರೂ ಸುತ್ತಲಿನ ಬೀದಿಗಳಿಗೆ ಬಂದ ಯುಜಿಡಿ ಈ ಓಣಿಗೆ ಬರಲಿಲ್ಲ. ಅಂದಾಜುಪಟ್ಟಿಯಲ್ಲಿ ಓಣಿಯ ಮುಂದೆ "ಕೋಟೆ ಗಡಿ" ಎಂದು ಬರೆದು ಕೈಬಿಟ್ಟಿದ್ದರು.

ನಾನು ಪೈಪ್‌ಲೈನ್ ಕೆಲಸಗಳಿಗೆ ಲೆವೆಲ್ ತೆಗೆಯುವವನು, ಅಂದರೆ ನೆಲದ ಏರಿಳಿತ ಅಳೆಯುವವನು. ಓಣಿಯವರು ಕರೆದರು, ಹೋದೆ, ಕೆಲಸ ಮುಗಿಯುವ ತನಕ ಜೊತೆಗಿದ್ದೆ. ಒಂದು ಕಾಲಕ್ಕೆ ದಂಡು ಕಟ್ಟಿದ ಆಸ್ತಿ ಇವತ್ತಿನ ಊರಿನ ಚರಂಡಿಗೆ ಅಡ್ಡ ಬಂದರೆ ದಾರಿ ಹುಡುಕುವುದು ಹೇಗೆ ಅಂತ ಬೇರೆ ಕೋಟೆ ಊರಿನವರಿಗೂ ಗೊತ್ತಾಗಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಓಣಿಯ ಹೆಸರು ಬೇಡ ಎಂದು ಅಲ್ಲಿನವರು ಕೇಳಿಕೊಂಡಿದ್ದಾರೆ. ಕಚೇರಿಗಳ, ಗುತ್ತಿಗೆದಾರರ ಹೆಸರೂ ಹಾಕಿಲ್ಲ. ಅಳತೆಗಳನ್ನು ಓದಲು ಸುಲಭವಾಗುವಂತೆ ಸ್ವಲ್ಪ ದುಂಡು ಮಾಡಿದ್ದೇನೆ.

ಗೋಡೆ ಯಾರದು

ನಮ್ಮೂರಿನ ಕೋಟೆಯನ್ನು ಏಳುಸುತ್ತಿನ ಕೋಟೆ ಅನ್ನುತ್ತೇವೆ. ಬೆಟ್ಟದ ಮೇಲಿನ ಸುತ್ತುಗಳಷ್ಟೇ ಕಣ್ಣಿಗೆ ಬೀಳುತ್ತವೆ. ಕೆಳಗಿನ ಸುತ್ತುಗಳ ಒಳಗೇ ಹಳೇ ಊರು ಕೂತಿದೆ. ಬುರುಜನಹಟ್ಟಿ, ಕೆಳಗೋಟೆ, ರಂಗಯ್ಯನ ಬಾಗಿಲು ಅಂತ ದಿನಾ ಹೇಳಿಕೊಂಡು ಓಡಾಡುವ ನಮಗೆ ಕೋಟೆಯೊಳಗೇ ಬದುಕುತ್ತಿದ್ದೇವೆ ಅನ್ನುವುದು ಮರೆತೇ ಹೋಗಿರುತ್ತದೆ.

ಪಾಳೆಯಗಾರರು ಇದನ್ನು ಕಟ್ಟಿ ಬೆಳೆಸಿದ್ದು ಶತ್ರುವನ್ನು ತಡೆಯಲು. 1779ರಲ್ಲಿ ಮದಕರಿ ನಾಯಕರ ಕೈಯಿಂದ ಹೈದರಾಲಿಗೆ ಹೋಯಿತು. 1799ರಲ್ಲಿ ಟಿಪ್ಪು ಬಿದ್ದ ಮೇಲೆ ಸ್ವಲ್ಪ ಕಾಲ ಬ್ರಿಟಿಷ್ ದಂಡು ಇಲ್ಲಿತ್ತು. ಆರೋಗ್ಯಕ್ಕೆ ಒಗ್ಗದ ಜಾಗ ಎಂದು ಆ ದಂಡನ್ನು ತೆಗೆದರು ಎಂದು ಹಳೇ ಗೆಜೆಟಿಯರ್ ಹೇಳುತ್ತದೆ. ನನಗೆ ಇದು ಸಣ್ಣ ಮಾತು ಅನ್ನಿಸುವುದಿಲ್ಲ. ಸೈನಿಕರಿಗೆ ಒಗ್ಗದಿದ್ದರೆ ದಂಡು ಎದ್ದು ಹೋಗಬಹುದು. ಇಲ್ಲೇ ಹುಟ್ಟಿ ಬೆಳೆದವರು ಎಲ್ಲಿಗೆ ಹೋಗಬೇಕು?

ಈಗ ಕೋಟೆ ರಾಷ್ಟ್ರೀಯ ಮಹತ್ವದ ಸ್ಮಾರಕ. ನೋಡಿಕೊಳ್ಳುವುದು ಕೇಂದ್ರದ ಪುರಾತತ್ವ ಸರ್ವೇಕ್ಷಣ ಇಲಾಖೆ. ರಕ್ಷಣಾ ಇಲಾಖೆಗೂ ಇದಕ್ಕೂ ಸಂಬಂಧ ಇಲ್ಲ. ಇದನ್ನು ಬಿಡಿಸಿ ಹೇಳುವುದಕ್ಕೆ ಕಾರಣ ಇದೆ. ಓಣಿಯಲ್ಲಿ ಕೆಲವರು "ಅದು ಮಿಲಿಟರಿ ಜಾಗ ಸಾರ್, ದಿಲ್ಲಿಯಿಂದ ಆರ್ಡರ್ ಬರಬೇಕು" ಎಂದು ಕೈಚೆಲ್ಲಿ ಕೂತಿದ್ದರು. ನಿಜವಾದ ಸೇನಾ ಜಾಗದ ಕಥೆಯೇ ಬೇರೆ. ನಮ್ಮ ರಾಜ್ಯದಲ್ಲಿ ಕಂಟೋನ್ಮೆಂಟ್, ಅಂದರೆ ದಂಡು ಪ್ರದೇಶ, ಅಂತ ಇರುವುದು ಬೆಳಗಾವಿಯಲ್ಲಿ. ನಮ್ಮ ಜಿಲ್ಲೆಯಲ್ಲಿ ಚಳ್ಳಕೆರೆ ಹತ್ತಿರ ಕುದಾಪುರದಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ವಿಮಾನ ಪರೀಕ್ಷಾ ಜಾಗ ಇದೆ, 4,000 ಎಕರೆಗೂ ಜಾಸ್ತಿ. ಅಂಥ ಜಾಗದೊಳಗೆ ಒಂದು ಪೈಪು ಹೋಗಬೇಕಾದರೂ ರಕ್ಷಣಾ ಇಲಾಖೆಯ ಒಪ್ಪಿಗೆ ಬೇಕು. ಕೇಂದ್ರದ ಆಸ್ತಿಯನ್ನು ರಾಜ್ಯ ಸರ್ಕಾರ ಸ್ವಾಧೀನ ಮಾಡಿಕೊಳ್ಳಲು ಬರುವುದಿಲ್ಲ. ಅದರ ಜೊತೆಗೆ 1903ರ ರಕ್ಷಣಾ ಕಾಮಗಾರಿ ಕಾಯ್ದೆ ಇದೆ. ಆ ಕಾಯ್ದೆಯಡಿ ಅಧಿಸೂಚನೆ ಆದ ಕಡೆ ಸೇನಾ ನೆಲೆಯ ಸುತ್ತಮುತ್ತ ಕಟ್ಟುವುದಕ್ಕೂ ಮಿತಿ ಹಾಕಬಹುದು. ನಮ್ಮ ಓಣಿಗೆ ಇದ್ಯಾವುದೂ ಅನ್ವಯಿಸುವುದಿಲ್ಲ. ಯಾವ ಕಾನೂನು ಅನ್ವಯಿಸುತ್ತದೆ ಎಂದು ಸರಿಯಾಗಿ ತಿಳಿಯದೇ ಇದ್ದದ್ದಕ್ಕೆ ಈ ಕೆಲಸ ವರ್ಷಗಟ್ಟಲೆ ನಿಂತಿತ್ತು.

ತೂಬು

ಓಣಿಯ ಕೊನೆಯಲ್ಲಿ ಗೋಡೆಯ ಬುಡಕ್ಕೆ ಒಂದು ತೂಬಿದೆ. ಒಂದು ಮೊಳ ಅಗಲ, ಅದಕ್ಕಿಂತ ಸ್ವಲ್ಪ ಕಡಿಮೆ ಎತ್ತರ. ಎರಡು ಕಡೆ ಕೆತ್ತಿದ ಕಲ್ಲು, ಮೇಲೊಂದು ಹಾಸುಗಲ್ಲು, ಕೆಳಗೆ ನೀರು ಹರಿದು ನುಣುಪಾದ ಕಲ್ಲು. ಗಾರೆ ಇಲ್ಲ. ಕಲ್ಲಿಗೆ ಕಲ್ಲು ಕೂರಿಸಿದ್ದಾರೆ, ಸಂದಿಗೆ ಬೆರಳಿನ ಉಗುರೂ ಹೋಗುವುದಿಲ್ಲ. ಟೇಪು ಹಿಡಿದು ನೋಡಿದರೆ ತಳದ ಕಲ್ಲು ಆಚೆ ಕಡೆಗೆ ಇಳಿಜಾರಾಗಿದೆ. ಮಳೆನೀರು ಗೋಡೆಯ ಒಳಮಗ್ಗುಲಲ್ಲಿ ನಿಂತು ಪಾಯ ನೆನೆಯಬಾರದು, ಕಂದಕಕ್ಕೆ ಹೋಗಬೇಕು, ಆದರೆ ತೂಬಿನಲ್ಲಿ ಆಳು ನುಸುಳಬಾರದು. ಅಷ್ಟು ಲೆಕ್ಕ ಹಾಕಿ ಇಟ್ಟದ್ದು ಅದು.

ಈ ಕೋಟೆಯಲ್ಲಿ ನೀರಿನ ಲೆಕ್ಕ ಎಲ್ಲ ಕಡೆಯೂ ಇದೆ. ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ ಇಳಿಯುತ್ತದೆ. ಹಾಗೇ ಕೆಳಕ್ಕೆ ಸಿಹಿನೀರು ಹೊಂಡ, ಊರೊಳಗಿನ ಸಂತೆ ಹೊಂಡ. ಪಂಪಿಲ್ಲ, ಕರೆಂಟಿಲ್ಲ, ಬರೀ ಇಳಿಜಾರು. ಲೆವೆಲ್ ಕೆಲಸ ಮಾಡುವ ನನ್ನಂಥವನಿಗೆ ಅದನ್ನು ನೋಡಿದಷ್ಟೂ ಸಾಲದು.

ಆ ತೂಬಿನಲ್ಲಿ ಈಗ ಹರಿಯುತ್ತಿದ್ದದ್ದು ನಲವತ್ತು ಮನೆಗಳ ಬಚ್ಚಲು ನೀರು. ಮನೆಗಳಲ್ಲಿ ಶೌಚಾಲಯ ಇದೆ, ಗುಂಡಿಯೂ ಇದೆ. ಆದರೆ ಕೆಳಗೆ ಒಂದೂವರೆ ಅಡಿಗೇ ಹಾಸುಬಂಡೆ. ಬಂಡೆಯಲ್ಲಿ ನೀರು ಇಂಗುವುದಿಲ್ಲ. ಗುಂಡಿ ಬೇಗ ತುಂಬುತ್ತದೆ, ಉಕ್ಕಿ ಮೋರಿಗೆ ಬರುತ್ತದೆ. ಮೋರಿಯಿಂದ ತೂಬು, ತೂಬಿನಿಂದ ಕಂದಕ. ಯುಜಿಡಿ ಲೆಕ್ಕಕ್ಕೆ ಒಬ್ಬರಿಗೆ ದಿನಕ್ಕೆ 135 ಲೀಟರ್ ನೀರು ಎಂದು ಹಿಡಿಯುತ್ತಾರೆ, ಅದರಲ್ಲಿ ಶೇಕಡ 80 ಕೊಳಚೆಯಾಗಿ ಹೊರಬರುತ್ತದೆ. ಓಣಿಯಲ್ಲಿ 200 ಜನ ಎಂದುಕೊಳ್ಳಿ, ದಿನಕ್ಕೆ 21,600 ಲೀಟರ್. ಅಷ್ಟೂ ನೀರು ಒಂದು ಐತಿಹಾಸಿಕ ಗೋಡೆಯ ಬುಡವನ್ನು ನೆನೆಸಿಕೊಂಡು ಕಂದಕದಲ್ಲಿ ನಿಲ್ಲುತ್ತಿತ್ತು. ಕಲ್ಲಿನ ಸಂದಿಯಲ್ಲಿ ಬೇರು ಬಿಟ್ಟ ಅರಳಿ ಗಿಡ ಆ ನೀರನ್ನೇ ಕುಡಿದು ತೋಳು ದಪ್ಪ ಆಗಿತ್ತು. ಕೋಟೆ ಕಾಪಾಡಬೇಕು ಅಂತ ಯುಜಿಡಿ ತಡೆದರೆ ಕೋಟೆಗೇ ಆಗುವ ನಷ್ಟ ಇದು.

ಜನರಿಗೆ ಆಗುವ ನಷ್ಟ ಇನ್ನೂ ದೊಡ್ಡದು. ಮಳೆ ಜೋರಾದ ದಿನ ತೂಬು ಕಟ್ಟಿಕೊಂಡರೆ ನೀರು ಹಿಂದಕ್ಕೆ ಬಂದು ಕೆಳಗಿನ ಮನೆಗಳ ಅಡುಗೆಮನೆಗೇ ನುಗ್ಗುತ್ತದೆ. ಕೊನೆಯ ಮನೆಯ ಅಜ್ಜಿ ಹೊಸಿಲ ಮೇಲೆ ಎರಡು ಸಾಲು ಇಟ್ಟಿಗೆ ಕಟ್ಟಿಸಿದ್ದರು. ದಾಟುವಾಗ ಗೋಡೆ ಹಿಡಿದುಕೊಂಡು ಕಾಲೆತ್ತಬೇಕು. "ಟೂರಿಸ್ಟ್‌ನೋರು ಬಂದು ಫೋಟೋ ತೆಗಿತಾರಪ್ಪ. ಮೂಗು ಮುಚ್ಕೊಂಡು ತೆಗಿತಾರೆ. ನಮಗೆ ನಾಚ್ಕೆ ಆಗ್ತದೆ" ಅಂದರು ಅವರು. ತಮ್ಮದಲ್ಲದ ತಪ್ಪಿಗೆ ಆ ವಯಸ್ಸಿನವರು ನಾಚಿಕೆ ಪಡಬೇಕಾ?

ತೂಬು ಕಟ್ಟಿಕೊಂಡಾಗ ಬಿಡಿಸುವವರು ಯಾರು ಎಂಬ ಪ್ರಶ್ನೆಯೂ ಇತ್ತು. ಒಬ್ಬ ಕೂಲಿಯವನನ್ನು ಕರೆದು ಕಂದಕಕ್ಕೆ ಇಳಿಸುವ ರೂಢಿ ಇತ್ತು. ಕೈಗೆ ಗ್ಲೌಸಿಲ್ಲ, ಕಾಲಿಗೆ ಬೂಟಿಲ್ಲ. ಮನುಷ್ಯರ ಕೈಯಿಂದ ಮಲ ಎತ್ತಿಸುವುದನ್ನು 2013ರ ಕಾಯ್ದೆ ಪೂರ್ತಿ ನಿಷೇಧಿಸಿದೆ. ರಕ್ಷಣೆ ಇಲ್ಲದೆ ಒಳಚರಂಡಿ, ಸೆಪ್ಟಿಕ್ ಟ್ಯಾಂಕಿಗೆ ಯಾರನ್ನೂ ಇಳಿಸುವಂತಿಲ್ಲ. ಹಾಗೆ ಇಳಿದು ಸತ್ತವರ ಮನೆಯವರಿಗೆ 10 ಲಕ್ಷ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ಹೇಳಿತು, 2023ರಲ್ಲಿ ಅದನ್ನು 30 ಲಕ್ಷ ಮಾಡಿತು. ದುಡ್ಡು ಎಷ್ಟಾದರೂ ಹೋದ ಜೀವ ಬರುವುದಿಲ್ಲ. ಓಣಿಯವರ ಮುಂದೆ ನಾನು ಇಟ್ಟ ಮೊದಲ ಷರತ್ತೇ ಅದು: ಇನ್ನು ಯಾರನ್ನೂ ಇಳಿಸಬೇಡಿ. ಅವರು ಒಪ್ಪಿದರು, ಅವತ್ತಿನಿಂದ ಉದ್ದ ಬಿದಿರು ಕೋಲು ಹಾಕಿ ಮೇಲಿನಿಂದಲೇ ಕೆದಕುತ್ತಿದ್ದರು.

ಬ್ರೇಕರ್ ಬಂದ ದಿನ

ನಾನು ಹೋಗುವ ಮುಂಚೆ ಒಂದು ಅನಾಹುತ ಸ್ವಲ್ಪದರಲ್ಲಿ ತಪ್ಪಿತ್ತು. ಪಕ್ಕದ ಬೀದಿಯಲ್ಲಿ ಪೈಪು ಹಾಕುತ್ತಿದ್ದ ಗುತ್ತಿಗೆದಾರರ ಕಡೆಯವರು, "ತೂಬು ಹೇಗೂ ಇದೆಯಲ್ಲ, ಸ್ವಲ್ಪ ದೊಡ್ಡದು ಮಾಡಿ ಅದರೊಳಗೇ ಪೈಪು ತೂರಿಸಿ ಆಚೆ ಬಿಡ್ತೀವಿ" ಎಂದು ಬ್ರೇಕರ್, ಅಂದರೆ ಕಲ್ಲೊಡೆಯುವ ಯಂತ್ರ, ತಂದು ನಿಲ್ಲಿಸಿದ್ದರು. ಒಳ್ಳೆಯದಾಗಲಿ ಅಂತಲೇ ಬಂದವರು. ಓಣಿಯ ಹುಡುಗರಿಗೂ ಖುಷಿ. ತಡೆದದ್ದು ಅಲ್ಲಿನ ಒಬ್ಬ ಹಿರಿಯ ಕಲ್ಲುಕೆಲಸದವರು. "ಆ ಮೇಲಿನ ಹಾಸುಗಲ್ಲು ಅಲುಗಿದ್ರೆ ಅದರ ಮೇಲಿನ ಗೋಡೆ ಅಷ್ಟೂ ಕೂರುತ್ತೆ ಕಣ್ರಪ್ಪ. ಗಾರೆ ಇಲ್ಲ ಅದಕ್ಕೆ, ಭಾರದಲ್ಲಿ ನಿಂತದೆ" ಎಂದು ತೂಬಿನ ಮುಂದೆ ಕುಳಿತುಬಿಟ್ಟರಂತೆ.

ಅವರು ಹೇಳಿದ್ದು ಪೂರ್ತಿ ಸರಿ. ಕಾನೂನಿನ ಪ್ರಕಾರವೂ ಅವರೇ ಸರಿ. ಸಂರಕ್ಷಿತ ಸ್ಮಾರಕಕ್ಕೆ ಹಾನಿ ಮಾಡಿದರೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ, ಅಥವಾ ಎರಡೂ. ಬ್ರೇಕರ್ ವಾಪಸ್ ಹೋಯಿತು. ಆದರೆ ಆಮೇಲೆ ಯಾರೂ ಆ ಓಣಿಯ ಹತ್ತಿರ ಸುಳಿಯಲಿಲ್ಲ. "ಕೋಟೆ ಕೇಸು, ನಮಗ್ಯಾಕೆ" ಎಂದು ಎಲ್ಲರೂ ದೂರ ಉಳಿದರು. ಕೇಳಿದವರಿಗೆಲ್ಲ ಒಂದೇ ಉತ್ತರ: "ನೂರು ಮೀಟರ್ ಒಳಗೆ ಏನೂ ಮಾಡೋ ಹಾಗಿಲ್ಲ." ಈ ಉತ್ತರ ಯಾವ ಕಾಗದದಲ್ಲೂ ಇರಲಿಲ್ಲ. ಬಾಯಿಂದ ಬಾಯಿಗೆ ಬಂದದ್ದು.

ನೂರು ಮೀಟರ್

ಈ ನೂರು ಮೀಟರ್ ಮಾತು ಎಲ್ಲಿಂದ ಬಂತು? 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಇದೆ. 1992ರ ಜೂನ್ 16ರ ಅಧಿಸೂಚನೆಯಲ್ಲಿ ಸಂರಕ್ಷಿತ ಗಡಿಯಿಂದ 100 ಮೀಟರ್ ನಿಷೇಧಿತ ಪ್ರದೇಶ, ಅದರಾಚೆ 200 ಮೀಟರ್ ನಿಯಂತ್ರಿತ ಪ್ರದೇಶ ಎಂದು ಮಾಡಿದರು. 2010ರಲ್ಲಿ ಕಾಯ್ದೆಗೆ ತಿದ್ದುಪಡಿ ತಂದು ಅದನ್ನೇ ಗಟ್ಟಿ ಮಾಡಿದರು, ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರ ಎಂಬುದನ್ನೂ ತಂದರು. ನಿಷೇಧಿತ ಪ್ರದೇಶದಲ್ಲಿ ಹೊಸ ನಿರ್ಮಾಣಕ್ಕೆ ಅನುಮತಿಯೇ ಇಲ್ಲ. ಹಳೇ ಮನೆ ರಿಪೇರಿಗೂ ಅರ್ಜಿ ಹಾಕಬೇಕು. ಹಳೇ ಪೇಟೆಯಲ್ಲಿ ಮನೆ ಇರುವವರಿಗೆ ಇದರ ಬಿಸಿ ಚೆನ್ನಾಗಿ ಗೊತ್ತು. ಹಾಗಾಗಿ "ಏನೂ ಮಾಡೋ ಹಾಗಿಲ್ಲ" ಎಂಬ ಮಾತು ಜನರಿಗೆ ನಿಜ ಅನ್ನಿಸಿದ್ದರಲ್ಲಿ ಆಶ್ಚರ್ಯ ಇಲ್ಲ.

ಆದರೆ ಅದೇ 2010ರ ತಿದ್ದುಪಡಿ ನಿರ್ಮಾಣ ಅಂದರೆ ಯಾವುದು, ಯಾವುದಲ್ಲ ಎಂದೂ ಹೇಳಿದೆ. ಸೆಕ್ಷನ್ 2ರ (dc) ಎಂಬ ಉಪಕಲಂ. ಕಟ್ಟಡ ಎಬ್ಬಿಸುವುದು, ಉದ್ದ-ಎತ್ತರ ಹೆಚ್ಚಿಸುವುದು ನಿರ್ಮಾಣ. ಚರಂಡಿ ಮತ್ತು ಒಳಚರಂಡಿ ಕೆಲಸ, ಅದರ ನಿರ್ವಹಣೆ, ಸ್ವಚ್ಛತೆ, ಸಾರ್ವಜನಿಕ ಶೌಚಾಲಯ, ಕುಡಿಯುವ ನೀರಿನ ಪೂರೈಕೆ, ಕರೆಂಟ್ ಪೂರೈಕೆ — ಇವು ಆ ವ್ಯಾಖ್ಯೆಯೊಳಗೆ ಬರುವುದಿಲ್ಲ. ಕಾಯ್ದೆ ಬರೆದವರು ಜನ ಬದುಕುವ ಊರುಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದಿದ್ದಾರೆ. ಸ್ಮಾರಕದ ಪಕ್ಕ ಇರುವವರು ಗಲೀಜಿನಲ್ಲೇ ಇರಲಿ ಎಂದು ಎಲ್ಲೂ ಹೇಳಿಲ್ಲ. ಈ ಸಾಲನ್ನು ಓಣಿಯ ಒಬ್ಬ ಹೆಣ್ಣುಮಗಳು, ಕಾನೂನು ಓದುತ್ತಿದ್ದವಳು, ಹುಡುಕಿ ತಂದಳು. ಅದನ್ನು ಪ್ರಿಂಟ್ ತೆಗೆಸಿ, ಅಡಿಗೆರೆ ಹಾಕಿ, ಎಲ್ಲ ಅರ್ಜಿಗಳ ಜೊತೆ ಲಗತ್ತಿಸಿದೆವು. ಪ್ರಕರಣ ತಿರುಗಿದ್ದು ಅಲ್ಲಿಂದ.

ಹಾಗಂತ ಎಲ್ಲಿ ಬೇಕಾದರೂ ಅಗೆಯಬಹುದು ಎಂದಲ್ಲ. ಸೆಕ್ಷನ್ 19 ಬೇರೆ ಇದೆ. ನಿಷೇಧಿತ ಪ್ರದೇಶ ಅನ್ನುವುದು ಹೊರಗಿನ ಪಟ್ಟಿ. ಅದರ ಒಳಗೆ ಸಂರಕ್ಷಿತ ಪ್ರದೇಶ, ಅಂದರೆ ಸ್ಮಾರಕದ ಜಾಗವೇ ಇದೆ. ಅಲ್ಲಿ ಕೇಂದ್ರದ ಅನುಮತಿ ಇಲ್ಲದೆ ಅಗೆಯುವುದು, ಸಿಡಿಸುವುದು, ಬೇರೆ ಬಳಕೆಗೆ ತೆಗೆದುಕೊಳ್ಳುವುದು ಯಾವುದೂ ಆಗುವುದಿಲ್ಲ. ಗೋಡೆ, ತೂಬು, ಕಂದಕ ಆ ಗಡಿಯೊಳಗೆ. ಆದ್ದರಿಂದ 60 ಮೀಟರಿನ ನೇರ ದಾರಿ ನಮಗೆ ಇಲ್ಲ. ಇದ್ದರೂ ನಾನು ಬೇಡ ಅನ್ನುತ್ತಿದ್ದೆ. ಆ ತೂಬನ್ನು ಕಣ್ಣಾರೆ ಕಂಡವರು ಅದಕ್ಕೆ ಪಿವಿಸಿ ಪೈಪು ತುರುಕಲು ಒಪ್ಪಲಾರರು.

ಹಾಗಾದರೆ ಸಂರಕ್ಷಿತ ಗಡಿ ಎಲ್ಲಿ ಮುಗಿಯುತ್ತದೆ? ಇದನ್ನು ಕೇಳಿದಾಗ ಯಾರ ಹತ್ತಿರವೂ ನೆಲದ ಮೇಲೆ ಬೆರಳಿಟ್ಟು ತೋರಿಸುವ ಉತ್ತರ ಇರಲಿಲ್ಲ. ನಕ್ಷೆಯಲ್ಲಿ ಗೆರೆ ಇದೆ, ನೆಲದಲ್ಲಿ ಕಲ್ಲಿಲ್ಲ. ಸರ್ವೆಯವರು ಬಂದರು, ಪುರಾತತ್ವದ ಕಡೆಯವರು ಬಂದರು, ಓಣಿಯವರೂ ನಿಂತರು. ಜಂಟಿ ಅಳತೆ ಆಯಿತು. ಗೋಡೆಯ ಬುಡದಿಂದ ಕೆಲವು ಅಡಿ ಬಿಟ್ಟು ಸುಣ್ಣದಲ್ಲಿ ಗೆರೆ ಎಳೆದರು. ಅದರ ಈಚೆ ಓಣಿಯ ರಸ್ತೆ. ನನ್ನ ಅನುಭವದಲ್ಲಿ ಇಂಥ ಕೇಸುಗಳಲ್ಲಿ ಎಲ್ಲಕ್ಕಿಂತ ಮೊದಲು ಆಗಬೇಕಾದ ಕೆಲಸ ಇದೇ. ಗೆರೆ ಗೊತ್ತಿಲ್ಲದಿದ್ದರೆ ಅಧಿಕಾರಿಗೆ ಭಯ, ಜನರಿಗೆ ಅನುಮಾನ, ಗುತ್ತಿಗೆದಾರನಿಗೆ ಧೈರ್ಯ ಇಲ್ಲ. ಗೆರೆ ಎಳೆದ ಮೇಲೆ ಮಾತಿನ ಧಾಟಿಯೇ ಬದಲಾಯಿತು.

ಸುತ್ತು ದಾರಿಯ ಲೆಕ್ಕ

ಗೋಡೆಯ ಉದ್ದಕ್ಕೂ ಹೋದರೆ ಒಂದು ಕಡೆ ರಸ್ತೆಗಾಗಿ ಹಿಂದೆಯೇ ಗೋಡೆ ಬಿಡಿಸಿದ ಜಾಗ ಇದೆ. ಅಲ್ಲಿ ಡಾಂಬರು ರಸ್ತೆ, ಬಸ್ಸೂ ಓಡಾಡುತ್ತದೆ. ಓಣಿಯ ಕೊನೆಯಿಂದ ಅಲ್ಲಿಗೆ ಹೋಗಿ, ರಸ್ತೆ ಹಿಡಿದು ಆಚೆ ಇಳಿದು, ಮ್ಯಾನ್‌ಹೋಲಿಗೆ ಸೇರಿಸಿದರೆ 340 ಮೀಟರ್. ಗೋಡೆ ಮುಟ್ಟುವುದು ಬೇಡ, ಕಂದಕಕ್ಕೆ ಇಳಿಯುವುದು ಬೇಡ. ದೂರ ಜಾಸ್ತಿಯಾದರೂ ದಾರಿ ಇದೇ ಎಂದು ಎಲ್ಲರೂ ಒಪ್ಪಿದರು.

ತೊಡಕು ಇದ್ದದ್ದು ಲೆವೆಲ್‌ನಲ್ಲಿ. ಓಣಿಯ ಕೊನೆಯಿಂದ ಆ ಜಾಗದವರೆಗೆ ನೆಲ ಅರ್ಧ ಮೀಟರ್ ಏರುತ್ತದೆ, ಆಮೇಲೆ ಎರಡು ಮೀಟರ್ ಇಳಿಯುತ್ತದೆ. ಮಾಮೂಲಿ ಯುಜಿಡಿ ಪೈಪಿಗೆ ಮಲ ಕೊಚ್ಚಿಕೊಂಡು ಹೋಗುವಷ್ಟು ವೇಗ ಬೇಕು, ಸೆಕೆಂಡಿಗೆ 0.6 ಮೀಟರ್ ಆದರೂ. ನಲವತ್ತೇ ಮನೆಯ ನೀರು ಕಡಿಮೆ. ಕಡಿಮೆ ನೀರಿಗೆ ಇಳಿಜಾರು ಜಾಸ್ತಿ ಕೊಡಬೇಕು. ನೂರಕ್ಕೆ ಒಂದು, ಅಂದರೆ ನೂರು ಮೀಟರಿಗೆ ಒಂದು ಮೀಟರ್ ಇಳಿಜಾರು ಹಿಡಿದು ಲೆಕ್ಕ ಹಾಕಿದೆ. ಶುರುವಿನಲ್ಲಿ 0.9 ಮೀಟರ್ ಆಳ ಇದ್ದ ಪೈಪು ಏರಿನ ತುದಿಗೆ ಬರುವ ಹೊತ್ತಿಗೆ 3.2 ಮೀಟರ್ ಆಳಕ್ಕೆ ಹೋಗುತ್ತದೆ. ಏರಿನ ತುದಿ ಅಂದರೆ ಸರಿಯಾಗಿ ಗೋಡೆಯ ಕಡಿದ ತುದಿ ಇರುವ ಜಾಗ. ಗೋಡೆಯ ಪಕ್ಕದಲ್ಲೇ, ಹಾಸುಬಂಡೆಯಲ್ಲಿ, ಹತ್ತು ಅಡಿಗೂ ಜಾಸ್ತಿ ಆಳದ ಟ್ರೆಂಚ್. ಕಾನೂನು ಬಿಟ್ಟರೂ ಅದು ತಪ್ಪು ಕೆಲಸ. ಅಷ್ಟು ಆಳ ಒಡೆಯುವ ಬ್ರೇಕರಿನ ಅದುರಿಗೆ ಗಾರೆಯಿಲ್ಲದ ಗೋಡೆ ತಡೆದುಕೊಳ್ಳುತ್ತದೆ ಎಂದು ಯಾರು ಬರೆದುಕೊಡುತ್ತಾರೆ?

ಪಂಪ್ ಇಡೋಣ ಎಂದರು ಕೆಲವರು. ಬಾವಿ ಕಟ್ಟಿ ಕೊಳಚೆ ಎತ್ತಿ ಹಾಕುವುದು. ನಾನು ವಿರೋಧಿಸಿದೆ. ಕರೆಂಟ್ ಹೋದರೆ, ಮೋಟಾರು ಸುಟ್ಟರೆ, ಅದೇ ಕೆಳಗಿನ ಮನೆಗಳಿಗೇ ನೀರು ನುಗ್ಗುವುದು. ನಲವತ್ತು ಮನೆಗೋಸ್ಕರ ಪಂಪ್ ನೋಡಿಕೊಳ್ಳಲು ಒಬ್ಬರನ್ನು ಕಾಯಂ ಇಡುತ್ತಾರಾ? ಇಡುವುದಿಲ್ಲ. ಮೊದಲ ವರ್ಷ ಓಡುತ್ತದೆ, ಆಮೇಲೆ ಬೀಗ. ಇಂಥ ಬೀಗ ಹಾಕಿದ ಪಂಪ್ ಮನೆಗಳನ್ನು ಕೆಲಸದ ಮೇಲೆ ಹೋದ ಕಡೆಯೆಲ್ಲ ನೋಡಿದ್ದೇನೆ.

ಕೊನೆಗೆ ಆರಿಸಿದ್ದು ಸಣ್ಣ ಪೈಪಿನ ಯುಜಿಡಿ. ಕೇಂದ್ರದ ಒಳಚರಂಡಿ ಕೈಪಿಡಿಯಲ್ಲೂ ಇದರ ವಿವರ ಇದೆ, ನಮ್ಮ ಕಡೆ ಬಳಸುವುದು ಕಡಿಮೆ. ತತ್ವ ಸರಳ. ಮನೆಗಳ ಕೊಳಚೆಯನ್ನು ಮೊದಲು ಮುಚ್ಚಿದ ಟ್ಯಾಂಕಿಗೆ ಬಿಡುವುದು. ಗಟ್ಟಿ ಎಲ್ಲ ಟ್ಯಾಂಕಿನಲ್ಲಿ ತಳ ಹಿಡಿಯುತ್ತದೆ. ಮೇಲಿನ ನೀರು ಮಾತ್ರ ಪೈಪಿಗೆ ಹೋಗುತ್ತದೆ. ಗಟ್ಟಿ ಇಲ್ಲದ್ದರಿಂದ ಕೊಚ್ಚಿಕೊಂಡು ಹೋಗುವ ವೇಗದ ಚಿಂತೆ ಇಲ್ಲ, ಇಳಿಜಾರು ಕಡಿಮೆ ಸಾಕು, 100 ಮಿಲಿಮೀಟರ್ ಪೈಪು ಸಾಕು. 250ಕ್ಕೆ ಒಂದು ಇಳಿಜಾರು ಕೊಟ್ಟು, ಶುರುವಿನಲ್ಲಿ 0.6 ಮೀಟರ್ ಆಳ ಇಟ್ಟೆ. ಗೋಡೆಯ ತುದಿಯಲ್ಲಿ ಆಳ 1.8 ಮೀಟರ್ ಬಂತು. 3.2 ಎಲ್ಲಿ, 1.8 ಎಲ್ಲಿ! ಅದರಲ್ಲೂ ರಸ್ತೆಯ ಆಚೆ ಮಗ್ಗುಲಿಗೆ ಪೈಪನ್ನು ಸರಿಸಿದ್ದರಿಂದ ಗೋಡೆಗೂ ಟ್ರೆಂಚಿಗೂ ರಸ್ತೆಯಷ್ಟು ಅಂತರ ಸಿಕ್ಕಿತು.

ಇದಕ್ಕೆ ಒಂದು ಬೆಲೆ ಇದೆ, ಅದನ್ನು ಓಣಿಯವರಿಗೆ ಮೊದಲೇ ಹೇಳಿದೆ. ಟ್ಯಾಂಕಿನ ಗಸಿಯನ್ನು ಎರಡು-ಮೂರು ವರ್ಷಕ್ಕೊಮ್ಮೆ ಸಕ್ಕಿಂಗ್ ಗಾಡಿ ಕರೆಸಿ ತೆಗೆಸಲೇಬೇಕು. ಬಿಟ್ಟರೆ ಗಟ್ಟಿ ಪೈಪಿಗೆ ಹೋಗಿ ಇಡೀ ಲೈನ್ ಕಟ್ಟಿಕೊಳ್ಳುತ್ತದೆ. ಓಣಿ ಕಿರಿದು, ಗಾಡಿ ಒಳಗೆ ಬರುವುದಿಲ್ಲ. ಹಾಗಾಗಿ ಟ್ಯಾಂಕುಗಳನ್ನು ಗಾಡಿಯ ಹೋಸ್ ಪೈಪು ಮುಟ್ಟುವ ಕಡೆಯೇ ಇಡಬೇಕಿತ್ತು. ಒಂದೇ ದೊಡ್ಡದರ ಬದಲು ಮೂರು ಟ್ಯಾಂಕು ಮಾಡಿದೆವು. ಒಂದಕ್ಕೆ ಜಾಗ ಸಿಗದೆ ಮಾತು ನಿಂತಾಗ, ಆ ಕಲ್ಲುಕೆಲಸದ ಹಿರಿಯರೇ ತಮ್ಮ ಮನೆಯ ಮುಂದಿನ ಕಟ್ಟೆ ಬಿಟ್ಟುಕೊಟ್ಟರು. ಸಂಜೆ ಹೊತ್ತು ಓಣಿಯವರೆಲ್ಲ ಕೂರುತ್ತಿದ್ದ ಕಟ್ಟೆ ಅದು. "ಟ್ಯಾಂಕಿನ ಮೇಲೆ ಮತ್ತೆ ಚಪ್ಪಡಿ ಹಾಕ್ತೀರಲ್ಲ, ಅದರ ಮೇಲೇ ಕೂರ್ತೀವಿ ಬಿಡಿ" ಅಂದರು.

ಒಪ್ಪಿಗೆ, ಅಗೆತ

ವ್ಯಾಖ್ಯೆಯಲ್ಲಿ ವಿನಾಯಿತಿ ಇದ್ದರೂ ನಾವು ಲಿಖಿತ ಒಪ್ಪಿಗೆ ಕೇಳಿದೆವು. ಕೋಟೆಯ ಪಕ್ಕ ಅಗೆಯುವಾಗ ಹಳೇ ಪಾಯ, ಹಳೇ ಕಾಲುವೆ, ಏನು ಬೇಕಾದರೂ ಸಿಗಬಹುದು. ಪುರಾತತ್ವದವರು ಎಚ್ಚರಿಕೆ ವಹಿಸುವುದು ಅವರ ಕೆಲಸ, ಅದನ್ನು ಅಡ್ಡಿ ಎಂದು ನೋಡಬಾರದು. ಅರ್ಜಿಯ ಜೊತೆ ನಾಲ್ಕು ಕಾಗದ ಮುಖ್ಯವಾದವು: ಜಂಟಿ ಅಳತೆಯ ನಕ್ಷೆ, ಪ್ರತಿ ಹತ್ತು ಮೀಟರಿಗೆ ಆಳ ತೋರಿಸುವ ಲೆವೆಲ್ ಚಿತ್ರ, ಸೆಕ್ಷನ್ 2ರ ಆ ಸಾಲು, ಮತ್ತು ತೂಬಿನಿಂದ ಕೊಳಚೆ ಹರಿಯುವ ಫೋಟೋ. ಕೊನೆಯದು ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡಿತು ಅಂತ ನನ್ನ ಲೆಕ್ಕ. ಅದರಲ್ಲಿ ಗೋಡೆಯ ಬುಡ ಹಸಿರು ಪಾಚಿ ಕಟ್ಟಿ ನೆನೆದು ನಿಂತಿತ್ತು. ಯುಜಿಡಿ ಬಂದರೆ ಸ್ಮಾರಕಕ್ಕೇ ಒಳ್ಳೆಯದು ಎಂದು ಬಾಯಲ್ಲಿ ಹೇಳುವ ಅಗತ್ಯವೇ ಬೀಳಲಿಲ್ಲ.

ಒಪ್ಪಿಗೆ ಷರತ್ತಿನ ಮೇಲೆ ಬಂತು. ಸಿಡಿಮದ್ದು ಬೇಡ. ಗೋಡೆಯ ಹತ್ತಿರದ ತುಂಡಿನಲ್ಲಿ ಬ್ರೇಕರ್ ಬೇಡ. ಅಗೆಯುವಾಗ ಇಲಾಖೆಯ ಒಬ್ಬರು ಸ್ಥಳದಲ್ಲಿರಬೇಕು. ಏನಾದರೂ ಸಿಕ್ಕಿದರೆ ಕೆಲಸ ನಿಲ್ಲಿಸಿ ತಿಳಿಸಬೇಕು. ಎಲ್ಲವೂ ನ್ಯಾಯವಾದ ಷರತ್ತುಗಳೇ.

ಬಂಡೆ ಇದ್ದ ಕಡೆ ಕಲ್ಲು ಬಿರಿಸುವ ಪುಡಿ ಬಳಸಿದೆವು. ಸಾಲಾಗಿ ತೂತು ಕೊರೆದು, ಪುಡಿಯನ್ನು ನೀರಲ್ಲಿ ಕಲಸಿ ತುಂಬಿ, ರಾತ್ರಿ ಬಿಟ್ಟರೆ ಅದು ಉಬ್ಬಿ ಬೆಳಗ್ಗೆ ಹೊತ್ತಿಗೆ ಬಂಡೆ ಗೆರೆ ಕೊಯ್ದಂತೆ ಬಿರಿದಿರುತ್ತದೆ. ಸದ್ದಿಲ್ಲ, ಅದುರಿಲ್ಲ. ಕೋಟೆಯ ಬಂಡೆಗಳ ಮೇಲೆ ಇವತ್ತಿಗೂ ಸಾಲು ಸಾಲು ಬೆಣೆ ತೂತುಗಳು ಕಾಣುತ್ತವೆ. ಕಟ್ಟಿದವರು ಕಲ್ಲು ಬಿಡಿಸಿದ್ದೂ ಸಾಲು ತೂತು ಹೊಡೆದೇ. ಬಿರಿದ ಕಲ್ಲನ್ನು ಹಾರೆಯಲ್ಲಿ ಎಬ್ಬಿಸಿ ಕೈಯಲ್ಲೇ ಮೇಲೆ ಹಾಕಿದರು. ಕೆಲಸ ನಿಧಾನ, ಖರ್ಚೂ ಮಾಮೂಲಿಗಿಂತ ಜಾಸ್ತಿ. ಬ್ರೇಕರ್ ದರ ಹಾಕಿ ಅಂದಾಜು ಮಾಡಿದ್ದರೆ ಗುತ್ತಿಗೆದಾರ ಅರ್ಧಕ್ಕೇ ಬಿಟ್ಟು ಹೋಗುತ್ತಿದ್ದ. ಇಂಥ ಜಾಗದಲ್ಲಿ ಆ ತುಂಡಿಗೆ ಬೇರೆ ದರ ಹಾಕಲೇಬೇಕು. ಇದನ್ನು ಟೆಂಡರಿಗೆ ಮುಂಚೆಯೇ ಹೇಳಿ ಬರೆಸಿದ್ದರಿಂದ ಕೆಲಸ ನಡುವೆ ನಿಲ್ಲಲಿಲ್ಲ.

ಈಗ ಎಲ್ಲಿಗೆ ಬಂದಿದೆ

ಲೈನ್ ಓಡುತ್ತಿದೆ. ತೂಬಿನಲ್ಲಿ ಮಳೆನೀರು ಬಿಟ್ಟು ಬೇರೆ ಹರಿಯುತ್ತಿಲ್ಲ. ಗೋಡೆಯ ಒಳಮಗ್ಗುಲು ಒಣಗಿದೆ. ಅರಳಿ ಗಿಡವನ್ನು ಇಲಾಖೆಯವರೇ ಬಂದು ತೆಗೆದರು. ಬೇರು ಕೀಳದೆ, ಕತ್ತರಿಸಿ ಔಷಧಿ ಹಾಕಿದರು. ಬೇರು ಕಿತ್ತರೆ ಕಲ್ಲೂ ಜೊತೆಗೆ ಬರುತ್ತದೆ, ಅದಕ್ಕೆ. ಅಜ್ಜಿಯ ಹೊಸಿಲಿನ ಇಟ್ಟಿಗೆ ಇನ್ನೂ ಇದೆ. ಒಂದು ದೊಡ್ಡ ಮಳೆ ನೋಡಿ ತೆಗೆಸುತ್ತೇನೆ ಎಂದಿದ್ದಾರೆ. ಅವರ ಎಚ್ಚರಿಕೆ ಸರಿಯಾದದ್ದೇ.

ಕಂದಕದಲ್ಲಿ ವರ್ಷಗಳ ಗಸಿ ಹಾಗೇ ಕೂತಿದೆ. ಅದನ್ನು ತೆಗೆಯುವುದು ಸಂರಕ್ಷಿತ ಪ್ರದೇಶದೊಳಗಿನ ಕೆಲಸ, ಅದಕ್ಕೆ ಬೇರೆ ಅನುಮತಿ ಬೇಕು. ಅರ್ಜಿ ಹೋಗಿದೆ. ಮನುಷ್ಯರನ್ನು ಇಳಿಸದೆ, ಗಸಿ ಒಣಗಿದ ಮೇಲೆ ಬೇಸಿಗೆಯಲ್ಲಿ ಮಷಿನ್ ಕೈಯಿಂದ ತೆಗೆಸಬೇಕು ಎಂದು ಅರ್ಜಿಯಲ್ಲೇ ಬರೆದಿದ್ದೇವೆ.

ಸಕ್ಕಿಂಗ್ ಗಾಡಿಯ ಖರ್ಚಿಗೆ ಓಣಿಯವರು ಮನೆಗೆ ತಿಂಗಳಿಗೆ ಇಷ್ಟು ಎಂದು ಚೀಟಿ ದುಡ್ಡಿನ ಹಾಗೆ ಕೂಡಿಡುತ್ತಿದ್ದಾರೆ. ಲೆಕ್ಕ ಬರೆಯುವುದು ಆ ಕಾನೂನು ಓದಿದ ಹುಡುಗಿಯ ತಾಯಿ. ಎರಡು ವರ್ಷ ತುಂಬುವ ಮೊದಲು ಟ್ಯಾಂಕಿನ ಮುಚ್ಚಳ ತೆಗೆಸಿ, ಮೇಲಿನಿಂದಲೇ ಕೋಲು ಬಿಟ್ಟು ಗಸಿ ಎಷ್ಟು ಎತ್ತರ ಬಂದಿದೆ ಎಂದು ಅಳೆಯಬೇಕು. ಅಳೆಯುವುದು ಹೇಗೆ ಎಂದು ಇಬ್ಬರು ಹುಡುಗರಿಗೆ ತೋರಿಸಿಕೊಟ್ಟಿದ್ದೇನೆ.

ನಾಲ್ಕು ಮನೆಗಳಿಗೆ ಇನ್ನೂ ಸಂಪರ್ಕ ಆಗಿಲ್ಲ. ಅವುಗಳ ಬಚ್ಚಲಿನ ನೆಲ ಟ್ಯಾಂಕಿನ ಒಳಹರಿವಿಗಿಂತ ಕೆಳಗಿದೆ. ಎರಡು ಮನೆಯವರು ಬಚ್ಚಲಿನ ನೆಲ ಒಂದಡಿ ಎತ್ತರಿಸಲು ಒಪ್ಪಿದ್ದಾರೆ, ಮೇಸ್ತ್ರಿಯೂ ಸಿಕ್ಕಿದ್ದಾರೆ. ಉಳಿದ ಎರಡು ಮನೆಗಳ ಮಾಡು ತಗ್ಗು, ನೆಲ ಎತ್ತರಿಸಿದರೆ ತಲೆ ತಾಗುತ್ತದೆ. ಮಾಡು ಎತ್ತರಿಸುವುದು ನಿರ್ಮಾಣದ ವ್ಯಾಖ್ಯೆಗೇ ಬರುತ್ತದೆ, ಅಲ್ಲಿ ನೂರು ಮೀಟರಿನ ನಿಯಮ ಅಡ್ಡ. ಹಾಗಾಗಿ ಆ ಎರಡು ಮನೆಗಳ ಶೌಚಾಲಯವನ್ನು ಓಣಿಯ ಕಡೆಯ ಮೂಲೆಗೆ, ಈಗಿರುವ ಗೋಡೆಗಳ ಒಳಗೇ ಸ್ಥಳಾಂತರ ಮಾಡುವ ನಕ್ಷೆ ಹಾಕುತ್ತಿದ್ದೇನೆ. ಅದಕ್ಕೆ ರಿಪೇರಿ ಅನುಮತಿ ಸಾಕು. ಅರ್ಜಿ ಮುಂದಿನ ವಾರ ಕೊಡುತ್ತೇವೆ.